ಬೊಟಾನಿಯಾದಲ್ಲಿ ತಾನಾಗಿ ನಡೆಯುವ ಹೂತೋಟ: ಯಾವ ಹೂವನ್ನು ನಂಬಬೇಕು?

ಮೈನ್‌ಕ್ರಾಫ್ಟ್‌ಗೆ ಬೊಟಾನಿಯಾ ಎಂಬ ಮಾಡ್ (ಆಟಕ್ಕೆ ಹೊರಗಿನಿಂದ ಸೇರಿಸುವ ತುಣುಕು) ಸೇರಿಸಿಕೊಂಡು ಆಡುವವರೆಲ್ಲ ಬೇಗನೆ ಒಂದು ಕವಲುದಾರಿಗೆ ಬಂದು ನಿಲ್ಲುತ್ತಾರೆ. ಲೆಕ್ಸಿಕಾ ಬೊಟಾನಿಯಾ ಪುಸ್ತಕದಲ್ಲಿ ಮಾನಾ, ಅಂದರೆ ಈ ಮಾಡ್‌ನ ಮಾಯಾಶಕ್ತಿ, ಕೊಡುವ ಹೂಗಳ ದೊಡ್ಡ ಪಟ್ಟಿಯೇ ಇದೆ. ಒಂದು ಇದ್ದಿಲು ಸುಡುತ್ತದೆ, ಒಂದು ಎಲೆ ಮೇಯುತ್ತದೆ, ಒಂದು ಕೇಕ್ ತಿನ್ನುತ್ತದೆ, ಇನ್ನೊಂದಕ್ಕೆ ಸಿಡಿಮದ್ದೇ ಬೇಕು. ಎಲ್ಲವನ್ನೂ ನೆಟ್ಟು ನೋಡಲು ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ಬರುವ ಪ್ರಶ್ನೆ ಒಂದೇ: ಒಮ್ಮೆ ಕಟ್ಟಿ ಬಿಟ್ಟರೆ ತನ್ನ ಪಾಡಿಗೆ ನಡೆಯುವ ತೋಟಕ್ಕೆ ಯಾವ ಹೂ ಸರಿ?

ಬಹಳಷ್ಟು ಜನ ಮೊದಲು ನೋಡುವುದು ಯಾವ ಹೂ ಹೆಚ್ಚು ಮಾನಾ ಕೊಡುತ್ತದೆ ಎಂಬುದನ್ನು. ಹಸು ಕೊಳ್ಳುವ ರೈತ ಎಷ್ಟು ಲೀಟರ್ ಹಾಲು ಎಂದು ಕೇಳುವ ಮೊದಲು ಮನೆಯಲ್ಲಿ ಮೇವೆಷ್ಟಿದೆ ಎಂದು ಲೆಕ್ಕ ಹಾಕುತ್ತಾನೆ. ಇಲ್ಲಿಯೂ ಅದೇ ಲೆಕ್ಕ ನಡೆಯುತ್ತದೆ. ಹೂ ನೆಡುವುದು ಅರ್ಧ ನಿಮಿಷದ ಕೆಲಸ. ಅದರ ಮೇವನ್ನು ಬೆಳೆಸಿ, ಕೊಯ್ದು, ಸಂಸ್ಕರಿಸಿ, ಹೊತ್ತಿಗೆ ಸರಿಯಾಗಿ ಅದರ ಮುಂದೆ ಹಾಕುವ ವ್ಯವಸ್ಥೆಯೇ ನಿಜವಾದ ತೋಟ.

ಆರಂಭಕ್ಕೆ ಮೊದಲು ಒಂದು ಮಾತು. ಬೊಟಾನಿಯಾ ನಡೆಯುವುದು ಕಂಪ್ಯೂಟರ್‌ನ ಜಾವಾ ಆವೃತ್ತಿಯಲ್ಲಿ ಮಾತ್ರ, ಮೊಬೈಲ್‌ನಲ್ಲಿ ಅಲ್ಲ. ಕೆಳಗಿನ ಅಂಕಿಗಳು ಮಾಡ್‌ನ ಮೂಲ ಲೆಕ್ಕದವು. ಕೆಲವು ಮಾಡ್‌ಪ್ಯಾಕ್‌ಗಳು ಇವನ್ನು ತಿದ್ದಿಕೊಂಡಿರುತ್ತವೆ. ಆದ್ದರಿಂದ ನಿಮ್ಮ ಆಟದ ಲೆಕ್ಸಿಕಾ ಬೇರೆ ಹೇಳಿದರೆ ಅದನ್ನೇ ನಂಬಿ.

ಯಾವುದರಿಂದ ಅಳೆಯಬೇಕು

ನಾನು ಪ್ರತಿ ಹೂವಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತೇನೆ. ಮೇವು ಮತ್ತೆ ಮತ್ತೆ ಹುಟ್ಟುತ್ತದೆಯೇ, ಅಥವಾ ಗಣಿಯಿಂದ ತರಬೇಕೇ? ಮೇವು ಹುಟ್ಟುವಲ್ಲಿಂದ ಹೂವಿನ ಬಾಯಿಗೆ ಬೀಳುವವರೆಗೆ ಮನುಷ್ಯನ ಕೈ ಬೇಕಾಗುವ ಕೊಂಡಿ ಎಲ್ಲಾದರೂ ಉಳಿಯುತ್ತದೆಯೇ? ನಾವಿಲ್ಲದಾಗ ಮೇವು ಹೆಚ್ಚಾದರೆ ಏನಾಗುತ್ತದೆ: ಸುಮ್ಮನೆ ನಿಲ್ಲುತ್ತದೆಯೇ, ಹಾಳಾಗುತ್ತದೆಯೇ, ತೋಟವೇ ಸಿಡಿಯುತ್ತದೆಯೇ? ಆಟದ ಯಾವ ಹಂತದಲ್ಲಿ ಈ ಹೂ ಕೈಗೆ ಸಿಗುತ್ತದೆ? ಇಷ್ಟಕ್ಕೆಲ್ಲ ಉತ್ತರ ಸಿಕ್ಕ ಮೇಲೆ ನಿಮಿಷಕ್ಕೆ ಎಷ್ಟು ಮಾನಾ ಎಂಬುದನ್ನು ನೋಡುತ್ತೇನೆ.

ಅಳತೆಗೋಲಾಗಿ ಎರಡು ವಸ್ತುಗಳನ್ನು ಇಟ್ಟುಕೊಳ್ಳೋಣ. ಒಂದು ಮಾನಾಸ್ಟೀಲ್ ಗಟ್ಟಿಗೆ 3,000 ಮಾನಾ ಸಾಕು. ಒಂದು ಟೆರ್ರಾಸ್ಟೀಲ್ ಗಟ್ಟಿಗೆ 5,00,000 ಬೇಕು, ಅಂದರೆ ಮಾನಾ ಕೂಡಿಡುವ ತೊಟ್ಟಿಯಾದ ಮಾನಾ ಪೂಲ್ ತುಂಬಿದಾಗ ಅದರ ಸರಿ ಅರ್ಧ. ಇವೆರಡರ ನಡುವೆ ನಿಮ್ಮ ಗುರಿ ಎಲ್ಲಿದೆ ಎಂಬುದರ ಮೇಲೆ ಆಯ್ಕೆ ಪೂರ್ತಿ ಬದಲಾಗುತ್ತದೆ.

ಹೈಡ್ರಾಂಜಿಯಸ್: ಆರಂಭದ ಊರುಗೋಲು

ಈ ಹೂ ಸುತ್ತಲಿನ ನೀರನ್ನು ಹೀರಿ ಮಾನಾ ಕೊಡುತ್ತದೆ. ಆಟದಲ್ಲಿ ಮುಗಿಯದ ನೀರಿನ ಮೂಲ ಕಟ್ಟುವುದು ಎಲ್ಲರಿಗೂ ಗೊತ್ತಿರುವುದರಿಂದ ತಾನಾಗಿ ನಡೆಯುವ ತೋಟಕ್ಕೆ ಇದಕ್ಕಿಂತ ಸುಲಭದ್ದಿಲ್ಲ ಎನಿಸುತ್ತದೆ. ಮಾಡ್ ಕಟ್ಟಿದ ವಾಜ್ಕಿ ಆ ದಾರಿಯನ್ನು ಬೇಕೆಂದೇ ಮುಚ್ಚಿದ್ದಾರೆ. ಆಟದ ಮೂರು ದಿನ, ಅಂದರೆ ನಮ್ಮ ಒಂದು ಗಂಟೆ ಕಳೆದ ಮೇಲೆ ಹೂ ಒಣಗಿ ಕಡ್ಡಿಯಾಗುತ್ತದೆ. ಹಳೆಯ ವಿಡಿಯೊಗಳಲ್ಲಿ ಬಿಸಿಲಿಗೆ ಮಾನಾ ಕೊಡುವ ಡೇಬ್ಲೂಮ್‌ಗಳ ಉದ್ದುದ್ದ ಸಾಲು ಕಂಡರೆ ಮೋಸಹೋಗಬೇಡಿ. ಹೊಸ ಆವೃತ್ತಿಗಳಲ್ಲಿ ಅವು ಅಲಂಕಾರಕ್ಕೆ ಮಾತ್ರ ಉಳಿದಿವೆ.

ಆ ನಿರ್ಧಾರ ಸರಿಯಾದದ್ದೆಂದೇ ನನ್ನ ಅಭಿಪ್ರಾಯ. ನೂರು ಹೂ ನೆಟ್ಟು ಕಾಯುತ್ತಾ ಕೂರುವುದರಲ್ಲಿ ತೋಟ ಕಟ್ಟುವ ಸೊಗಸು ಏನೂ ಇಲ್ಲ. ಮೊದಲ ಕೆಲವು ಮಾನಾಸ್ಟೀಲ್ ಗಟ್ಟಿಗಳಿಗಾಗಿ ಒಂದೆರಡು ಹೈಡ್ರಾಂಜಿಯಸ್ ನೆಡಿ, ಒಣಗಿದ ಮೇಲೆ ಮರೆತುಬಿಡಿ.

ಎಂಡೋಫ್ಲೇಮ್: ಬಹುತೇಕರಿಗೆ ಇದೇ ಸಾಕು

ಎಂಡೋಫ್ಲೇಮ್ ತನ್ನ ಸುತ್ತ ಮೂರು ಬ್ಲಾಕ್‌ಗಳೊಳಗೆ ನೆಲಕ್ಕೆ ಬಿದ್ದ ಉರುವಲನ್ನು ಎತ್ತಿಕೊಂಡು ಸುಡುತ್ತದೆ. ಇದಕ್ಕೆ ರೂನ್ (ಮಾನಾ ಖರ್ಚು ಮಾಡಿ ತಯಾರಿಸುವ ಮಂತ್ರಗಲ್ಲು) ಬೇಡ, ಎಸಳುಗಳು ಸಾಕು. ಹೀಗಾಗಿ ಮೊದಲ ದಿನವೇ ಸಿಗುತ್ತದೆ. ಉರಿಯುವಾಗ ಸೆಕೆಂಡಿಗೆ 30 ಮಾನಾ ಕೊಡುತ್ತದೆ. ಒಂದು ಇದ್ದಿಲು 40 ಸೆಕೆಂಡು ಉರಿದು 1,200 ಮಾನಾ ಆಗುತ್ತದೆ. ಒಂದು ಟೆರ್ರಾಸ್ಟೀಲ್ ಗಟ್ಟಿಗೆ ಸುಮಾರು 417 ಇದ್ದಿಲು ಬೇಕೆಂದಾಯಿತು. ಒಂದೇ ಹೂ ಆದರೆ ನಾಲ್ಕೂವರೆ ಗಂಟೆಗೂ ಹೆಚ್ಚು ಹಿಡಿಯುತ್ತದೆ, ಎಂಟು ಹೂಗಳಾದರೆ ಸುಮಾರು 35 ನಿಮಿಷ.

ಇದರ ದೊಡ್ಡ ಗುಣ ಸೌಮ್ಯ ಸ್ವಭಾವ. ತನ್ನೊಳಗಿನ ಮಾನಾ ತುಂಬಿದ್ದರೆ ಹೊಸ ಉರುವಲನ್ನು ಮುಟ್ಟುವುದಿಲ್ಲ. ಹಾಳಾಗುವುದು ನಾವು ಅಗತ್ಯಕ್ಕಿಂತ ಹೆಚ್ಚು ಸುರಿದಾಗ ಮಾತ್ರ, ಏಕೆಂದರೆ ನೆಲಕ್ಕೆ ಬಿದ್ದ ವಸ್ತು ಐದು ನಿಮಿಷದಲ್ಲಿ ಮಾಯವಾಗುತ್ತದೆ. ಇದನ್ನು ತಡೆಯುವ ಜೋಡಣೆ ಸರಳವಾಗಿದೆ. ಹಾಪರ್‌ನಿಂದ ಬೊಟಾನಿಯಾದ ಓಪನ್ ಕ್ರೇಟ್‌ಗೆ ಇದ್ದಿಲು ಬರಲಿ, ಕ್ರೇಟ್‌ನ ಕೆಳಗೆ ಮರದ ಪ್ರೆಷರ್ ಪ್ಲೇಟ್ ಇರಲಿ. ಇದ್ದಿಲು ಪ್ಲೇಟಿನ ಮೇಲೆ ಬಿದ್ದೊಡನೆ ರೆಡ್‌ಸ್ಟೋನ್ ಸಂಕೇತ ಹಾಪರ್‌ಗೆ ಬೀಗ ಹಾಕುತ್ತದೆ. ಯಾವುದಾದರೂ ಹೂ ಇದ್ದಿಲನ್ನು ಎತ್ತಿಕೊಂಡ ಮೇಲೆ ಪ್ಲೇಟ್ ಮೇಲೆದ್ದು ಮುಂದಿನದು ಇಳಿಯುತ್ತದೆ. ಪ್ಲೇಟ್ ಮರದ್ದೇ ಆಗಬೇಕು. ಕಲ್ಲಿನದಕ್ಕೆ ಬಿದ್ದ ವಸ್ತುವಿನ ಭಾರ ತಿಳಿಯುವುದಿಲ್ಲ.

ಕಷ್ಟ ಇರುವುದು ಇದ್ದಿಲನ್ನು ಹೊಂದಿಸುವುದರಲ್ಲಿ. ಎಂಟು ಹೂಗಳು ನಿಮಿಷಕ್ಕೆ 12 ಇದ್ದಿಲು ನುಂಗುತ್ತವೆ. ಗಣಿಯ ಕಲ್ಲಿದ್ದಲು ಇದ್ದಷ್ಟು ದಿನ ನಡೆದೀತು, ಆದರೆ ತಾನಾಗಿ ನಡೆಯಬೇಕೆಂದರೆ ಮರವೇ ಬೇಕು. ಮರದ ದಿಮ್ಮಿಯನ್ನು ಹಾಗೆಯೇ ಹಾಕಿದರೆ ನಷ್ಟ: ಫರ್ನೆಸ್‌ನ ಲೆಕ್ಕದಲ್ಲಿ ದಿಮ್ಮಿ ಉರಿಯುವುದು 300 ಟಿಕ್ (ಆಟದ ಸಮಯದ ಕಿರು ಅಳತೆ) ಮಾತ್ರ. ಅದನ್ನೇ ನಾಲ್ಕು ಹಲಗೆ ಮಾಡಿದರೆ ಒಟ್ಟು 1,200 ಟಿಕ್. ಇದ್ದಿಲು ಮಾಡಿದರೆ 1,600, ಅದರಲ್ಲಿ ಫರ್ನೆಸ್ ತಿನ್ನುವ 200 ಕಳೆದರೆ 1,400. ಹಲಗೆಯ ದಾರಿಗೆ ಕ್ರಾಫ್ಟಿಂಗ್ ಮಾಡುವ ಕ್ರೇಟ್ ಬೇಕು, ಇದ್ದಿಲಿನ ದಾರಿಗೆ ಫರ್ನೆಸ್ ಬೇಕು. ನಾನು ಇದ್ದಿಲಿನ ಕಡೆಗೇ ವಾಲುತ್ತೇನೆ. ಲಾಭ ಸ್ವಲ್ಪ ಹೆಚ್ಚು, ಜೊತೆಗೆ ಸಾಗಿಸಬೇಕಾದ ವಸ್ತುಗಳ ಸಂಖ್ಯೆ ಕಾಲು ಭಾಗಕ್ಕೆ ಇಳಿಯುತ್ತದೆ.

ಮರ ನೆಡುವುದಕ್ಕೆ ರಾನನ್‌ಕಾರ್ಪಸ್ ಎಂಬ ಹೂ ಇದೆ. ಕೆಳಗೆ ಬಿದ್ದ ಸಸಿಯನ್ನು ಎತ್ತಿ ನೆಡುವುದು ಅದರ ಕೆಲಸ. ಬೇಗ ಬೆಳೆಸಲು ಅಗ್ರಿಕಾರ್ನೇಶನ್ ಇದೆ. ಕಡಿಯುವುದೇ ಕಷ್ಟದ ಕೊಂಡಿ. ಹೂವಿನ ಮಾನಾವನ್ನು ಪೂಲ್‌ಗೆ ಹಾರಿಸುವ ಸ್ಪ್ರೆಡರ್‌ಗೆ ಬೋರ್ ಲೆನ್ಸ್ ಹಾಕಿದರೆ ಅದರ ಮಾನಾ ಹೊಡೆತ ದಿಮ್ಮಿಯನ್ನು ಒಡೆಯುತ್ತದೆ, ಆದರೆ ಗುರಿ ಕೆಳಗೆ ಇಳಿದರೆ ಸಸಿಯೂ ಹೋಗುತ್ತದೆ. ನಿಮ್ಮ ಪ್ಯಾಕ್‌ನಲ್ಲಿ ಮರ ಕಡಿಯುವ ಬೇರೆ ಯಂತ್ರವಿದ್ದರೆ ಸಂಕೋಚವಿಲ್ಲದೆ ಅದನ್ನೇ ಬಳಸಿ.

ಅಷ್ಟು ಕಟ್ಟುವ ವ್ಯವಧಾನ ಇಲ್ಲದವರಿಗೆ ಬಿದಿರಿನ ದಾರಿ ಇದೆ. ಬಿದಿರು ಬುಡ ಉಳಿದರೆ ಸಾಕು, ಮತ್ತೆ ಚಿಗುರುತ್ತದೆ, ಸಸಿಯ ತಲೆನೋವಿಲ್ಲ. ಮೂರನೆಯ ಗೆಣ್ಣಿನ ಎದುರು ಅಬ್ಸರ್ವರ್, ಎರಡನೆಯದರ ಎದುರು ಪಿಸ್ಟನ್, ಕೆಳಗೆ ಹರಿಯುವ ನೀರು ಇದ್ದರೆ ಕೆಲಸ ಮುಗಿಯಿತು. ಒಂದು ಸಂಜೆಯಲ್ಲಿ ಕಟ್ಟಬಹುದು, ಎಂದೂ ನಿಲ್ಲುವುದಿಲ್ಲ. ಆದರೆ ಒಂದು ಬಿದಿರು 50 ಟಿಕ್ ಮಾತ್ರ ಉರಿಯುತ್ತದೆ. ಒಂದು ಇದ್ದಿಲಿಗೆ 32 ಬಿದಿರು ಸಮ. ಒಂದೇ ಒಂದು ಎಂಡೋಫ್ಲೇಮ್ ಸತತವಾಗಿ ಉರಿಯಲು ನಿಮಿಷಕ್ಕೆ 48 ಬಿದಿರು ಬೇಕು. ಆಟದ 1.20 ಆವೃತ್ತಿಯ ನಂತರ ಒಂಬತ್ತು ಬಿದಿರಿನಿಂದ ಒಂದು ಬ್ಲಾಕ್, ಅದರಿಂದ ಎರಡು ಹಲಗೆ ಮಾಡಬಹುದಾದ್ದರಿಂದ ಅದೇ ಬಿದಿರಿನ ಉರಿ 450 ಟಿಕ್‌ನಿಂದ 600ಕ್ಕೆ ಏರುತ್ತದೆ. ಹಾಗೆ ಮಾಡಿದರೂ ಬಿದಿರಿನ ತೋಪು ಒಂದೆರಡು ಹೂಗಳ ಹೊಟ್ಟೆಗೆ ಸರಿ, ಎಂಟಕ್ಕೆ ಸಾಲದು. ರಾತ್ರಿಯಿಡೀ ಸರ್ವರ್ ಓಡುತ್ತಿರುವವರಿಗೆ ಇದು ತೊಂದರೆಯೇ ಅಲ್ಲ, ದಿನಕ್ಕೆ ಒಂದು ಗಂಟೆ ಆಡುವವರಿಗೆ ನಿಧಾನ ಎನಿಸುತ್ತದೆ.

ಮಂಚ್‌ಡ್ಯೂ: ಮರದ ತೋಪು ಇದ್ದವರಿಗೆ

ಮಂಚ್‌ಡ್ಯೂ ಎಲೆ ತಿನ್ನುತ್ತದೆ. ಒಂದು ಎಲೆಗೆ 160 ಮಾನಾ. ಟೆರ್ರಾಸ್ಟೀಲ್ ಗಟ್ಟಿಯೊಂದಕ್ಕೆ 3,125 ಎಲೆ ಎಂದರೆ ಗಾಬರಿಯಾಗಬೇಡಿ, ಮರವೊಂದರಲ್ಲಿ ಐವತ್ತರ ಆಸುಪಾಸು ಎಲೆ ಇದ್ದರೂ ಎಂಟು ಸಾವಿರ ಮಾನಾ ಸಿಗುತ್ತದೆ. ಅದೇ ಮರದ ಐದಾರು ದಿಮ್ಮಿಗಳ ಇದ್ದಿಲಿಗಿಂತ ಇದು ಹೆಚ್ಚು. ಎಲೆಗಳು ಮಂಚ್‌ಡ್ಯೂಗೆ, ದಿಮ್ಮಿ ಎಂಡೋಫ್ಲೇಮ್‌ಗೆ ಹೋದರೆ ಒಂದೇ ಮರ ಎರಡು ಕಡೆ ದುಡಿಯುತ್ತದೆ. ಬೊಟಾನಿಯಾದಲ್ಲಿ ನನಗೆ ಅತಿ ಪ್ರಿಯವಾದ ಜೋಡಿ ಇದು.

ಇದರಲ್ಲಿ ಎರಡು ಮುಳ್ಳುಗಳಿವೆ. ಎಲೆ ಸಿಗುವುದು ನಿಂತೊಡನೆ ಹೂ 80 ಸೆಕೆಂಡು ಮುನಿಸಿಕೊಂಡು ಏನನ್ನೂ ತಿನ್ನುವುದಿಲ್ಲ. ಹಾಗಾಗಿ ಒಂದೊಂದೇ ಮರ ಬೆಳೆಸಿ ತಿನ್ನಿಸುವುದಕ್ಕಿಂತ ಹಲವು ಮರಗಳನ್ನು ಒಟ್ಟಿಗೆ ಬೆಳೆಸಿ ಬಿಡುವುದು ಲಾಭ. ಇನ್ನೊಂದು ಮುಳ್ಳು ಹೆಚ್ಚು ಚುಚ್ಚುತ್ತದೆ. ಅದು ತಿಂದ ಎಲೆಯಿಂದ ಸಸಿ ಉದುರುವುದಿಲ್ಲ. ಎಲ್ಲ ಎಲೆಯನ್ನೂ ಅದಕ್ಕೇ ಕೊಟ್ಟರೆ ಮುಂದಿನ ಮರಕ್ಕೆ ಸಸಿಯೇ ಇರುವುದಿಲ್ಲ, ತೋಟ ನಿಂತುಹೋಗುತ್ತದೆ. ಪರಿಹಾರವೆಂದರೆ ಪಕ್ಕದಲ್ಲಿ ಸಸಿಗಾಗಿಯೇ ಒಂದು ಸಣ್ಣ ತೋಪು ಇಟ್ಟು, ಅಲ್ಲಿ ದಿಮ್ಮಿ ಮಾತ್ರ ಕಡಿದು ಎಲೆ ತಾನಾಗಿ ಉದುರಲು ಬಿಡುವುದು. ಮಂಚ್‌ಡ್ಯೂವಿನ ಬಾಯಿ ಅಡ್ಡಕ್ಕೆ ಎಂಟು ಬ್ಲಾಕ್‌ವರೆಗೆ ಚಾಚುತ್ತದೆ. ಸಸಿಯ ತೋಪು ಅದಕ್ಕಿಂತ ದೂರ ಇರಲೇಬೇಕು.

ಇದಕ್ಕೆ ಗ್ಲಟನಿ ರೂನ್ ಬೇಕು. ಆದ್ದರಿಂದ ಮೊದಲ ವಾರದ ಹೂವಲ್ಲ. ಎಂಡೋಫ್ಲೇಮ್ ತೋಟ ಕಟ್ಟುವಾಗಲೇ ಇದಕ್ಕೂ ಜಾಗ ಬಿಟ್ಟಿದ್ದರೆ ಆಮೇಲೆ ಸೇರಿಸುವುದು ಸುಲಭ.

ಗೋರ್ಮರಿಲ್ಲಿಸ್: ಹೊಲ, ಕೋಳಿಗೂಡು ಈಗಾಗಲೇ ಇದ್ದರೆ

ಆಹಾರ ತಿನ್ನುವ ಹೂ ಇದು. ಇದರ ಲೆಕ್ಕದಲ್ಲಿ ಒಂದು ಗುಟ್ಟಿದೆ: ಮಾನಾ ಆಹಾರದ ಮೌಲ್ಯದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕ್ಯಾರೆಟ್ ಮೌಲ್ಯ 3, ಅದರ ವರ್ಗ 9. ಬ್ರೆಡ್ ಮತ್ತು ಸುಟ್ಟ ಆಲೂಗಡ್ಡೆ 5, ವರ್ಗ 25. ಬೇಯಿಸಿದ ಕೋಳಿ 6, ವರ್ಗ 36. ಒಂದು ಕೋಳಿ ನಾಲ್ಕು ಕ್ಯಾರೆಟ್‌ಗೆ ಸಮವಾಯಿತು. ಆದ್ದರಿಂದ ಕ್ಯಾರೆಟ್ ಹೊಲವನ್ನು ದೊಡ್ಡದು ಮಾಡುವುದಕ್ಕಿಂತ ಆಲೂಗಡ್ಡೆಯನ್ನು ಫರ್ನೆಸ್‌ಗೆ ಹಾಕುವುದು, ಅದಕ್ಕಿಂತ ಕೋಳಿಗೂಡು ಕಟ್ಟುವುದು ಬುದ್ಧಿವಂತಿಕೆ. ಮೊಟ್ಟೆಯನ್ನು ಡಿಸ್ಪೆನ್ಸರ್ ಎಸೆದು, ಮರಿ ದೊಡ್ಡದಾದೊಡನೆ ಲಾವಾ ತಗುಲಿ ಬೆಂದು ಹಾಪರ್‌ಗೆ ಬೀಳುವ ಗೂಡು ಮಾಡ್ ಇಲ್ಲದ ಆಟದಲ್ಲೂ ಪೂರ್ತಿ ತಾನಾಗಿ ನಡೆಯುತ್ತದೆ.

ಹೊಸ ಆವೃತ್ತಿಗಳಲ್ಲಿ ಒಂದೇ ಆಹಾರವನ್ನು ಮತ್ತೆ ಮತ್ತೆ ಕೊಟ್ಟರೆ ಇಳುವರಿ ತಗ್ಗುತ್ತದೆ, ಬದಲಿಸುತ್ತಾ ಕೊಟ್ಟರೆ ಏರುತ್ತದೆ. ಕೋಳಿ, ಬ್ರೆಡ್, ಆಲೂಗಡ್ಡೆ ಮೂರನ್ನೂ ಸರದಿಯಂತೆ ಹಾಕುವ ವ್ಯವಸ್ಥೆ ಇಲ್ಲಿ ನಿಜಕ್ಕೂ ಫಲ ಕೊಡುತ್ತದೆ.

ಎಚ್ಚರ ಬೇಕಾದದ್ದು ಸಮಯದ ವಿಷಯದಲ್ಲಿ. ಒಂದು ತುತ್ತು ಜೀರ್ಣವಾಗುವ ಮೊದಲು ಇನ್ನೊಂದು ಬಿದ್ದರೆ ಅದನ್ನೂ ನುಂಗುತ್ತದೆ, ಬದಲಿಗೆ ಏನೂ ಕೊಡುವುದಿಲ್ಲ. ಆಹಾರದ ಮೌಲ್ಯ ಹೆಚ್ಚಿದಷ್ಟೂ ಜೀರ್ಣದ ಹೊತ್ತೂ ಹೆಚ್ಚು. ಪ್ರೆಷರ್ ಪ್ಲೇಟಿನ ಉಪಾಯ ಇಲ್ಲಿ ನಡೆಯದು, ಗಡಿಯಾರ ಬೇಕು. ಬೊಟಾನಿಯಾದ ಹೋವರಿಂಗ್ ಅವರ್‌ಗ್ಲಾಸ್‌ಗೆ ಒಂದು ಮರಳು ಹಾಕಿದರೆ ಒಂದು ಸೆಕೆಂಡು. ಕೋಳಿಗೆ ನಾಲ್ಕು ಮರಳು ಹಾಕಿ ಆರಂಭಿಸಿ. ತುಸು ನಿಧಾನವಾದರೆ ನಷ್ಟವಿಲ್ಲ, ಅವಸರವಾದರೆ ಊಟವೆಲ್ಲ ವ್ಯರ್ಥ.

ಥರ್ಮಲಿಲಿ: ಪೈಪ್‌ಗಳಿದ್ದರೆ ಮಾತ್ರ

ಲಾವಾ ಕುಡಿಯುವ ಈ ಹೂ ಒಂದು ಬಕೆಟ್‌ಗೆ 18,000 ಅಥವಾ ಅದಕ್ಕೂ ಹೆಚ್ಚು ಮಾನಾ ಕೊಡುತ್ತದೆ. 45 ಸೆಕೆಂಡು ಉರಿದು ಆಮೇಲೆ ಹಲವು ನಿಮಿಷ ತಣಿಯುತ್ತದೆ. ತಣಿಯುವಾಗ ಲಾವಾ ಸಿಕ್ಕರೆ ಅದನ್ನು ಹಾಳು ಮಾಡಿ, ತಣಿಯುವ ಲೆಕ್ಕವನ್ನು ಮೊದಲಿನಿಂದ ಶುರುಮಾಡುತ್ತದೆ.

1.17ರಿಂದ ಲಾವಾ ಕೂಡ ಮರುಹುಟ್ಟುವ ವಸ್ತು. ಡ್ರಿಪ್‌ಸ್ಟೋನ್‌ನಿಂದ ತೊಟ್ಟಿಕ್ಕಿ ಕೌಲ್ಡ್ರನ್ ತುಂಬಲು ಸರಾಸರಿ ಸುಮಾರು 20 ನಿಮಿಷ. ಆದರೆ ಕೌಲ್ಡ್ರನ್‌ನಿಂದ ಲಾವಾ ತೆಗೆಯುವುದು ಡಿಸ್ಪೆನ್ಸರ್‌ಗೆ ಆಗದ ಕೆಲಸ, ಕೈಯಲ್ಲಿ ಬಕೆಟ್ ಹಿಡಿಯಬೇಕು. ಅಲ್ಲಿಗೆ ಸರಪಳಿ ಕಡಿಯುತ್ತದೆ. ದ್ರವ ಸಾಗಿಸುವ ಪೈಪ್ ಇರುವ ಮಾಡ್ ನಿಮ್ಮ ಪ್ಯಾಕ್‌ನಲ್ಲಿದ್ದರೆ ಥರ್ಮಲಿಲಿ ಒಳ್ಳೆಯ ಆಯ್ಕೆ. ಇಲ್ಲದಿದ್ದರೆ ನೆದರ್‌ನಿಂದ ಬಕೆಟ್ ಹೊತ್ತು ತರುವ ಕೂಲಿ ಕೆಲಸ.

ದೊಡ್ಡ ಇಳುವರಿಯ ಹೂಗಳು

ಎಂಟ್ರೊಪಿನ್ನಿಯಮ್ ಒಂದು ಟಿಎನ್‌ಟಿ ಸ್ಫೋಟವನ್ನು ನುಂಗಿ 6,500 ಮಾನಾ ಕೊಡುತ್ತದೆ. ಟೆರ್ರಾಸ್ಟೀಲ್ ಗಟ್ಟಿಗೆ 77 ಟಿಎನ್‌ಟಿ, ಅಂದರೆ 385 ಗನ್‌ಪೌಡರ್ ಮತ್ತು 308 ಮರಳು. ಗನ್‌ಪೌಡರ್‌ಗೆ ಕ್ರೀಪರ್ ಫಾರ್ಮ್ ಇದೆ, ಮರಳಿಗೆ ಮರುಭೂಮಿ ಅಗೆಯಬೇಕು. ಟಿಎನ್‌ಟಿಯನ್ನು ನಕಲು ಮಾಡುವ ಯಂತ್ರಗಳನ್ನು ಮಾಡ್ ಗುರುತಿಸಿ ಶಿಕ್ಷಿಸುತ್ತದೆ, ಆ ದಾರಿ ಹಿಡಿಯಬೇಡಿ. ಹೂವಿನಲ್ಲಿ ಒಂದಿಷ್ಟು ಮಾನಾ ಉಳಿದಿದ್ದರೂ ಸ್ಫೋಟವನ್ನು ಅದು ತಡೆಯುವುದಿಲ್ಲ. ಸಾಮಾನ್ಯ ಸ್ಪ್ರೆಡರ್ ಒಂದು ಸಲಕ್ಕೆ 160 ಮಾನಾ ಮಾತ್ರ ಒಯ್ಯುವುದರಿಂದ ಹೂ ಬರಿದಾಗಲು ಹೊತ್ತು ಹಿಡಿಯುತ್ತದೆ. ಟಿಎನ್‌ಟಿ ಬೀಳುವ ಜಾಗವನ್ನು ನೀರಿನಿಂದ ತುಂಬಿಡಿ. ನೀರಿನೊಳಗೆ ಸಿಡಿದರೆ ಬ್ಲಾಕ್‌ಗಳು ಉಳಿಯುತ್ತವೆ. ಸ್ನೇಹಿತರೊಡನೆ ಹಂಚಿಕೊಂಡ ಸರ್ವರ್‌ನಲ್ಲಾದರೆ ಇದನ್ನು ಮನೆಗಳಿಂದ ದೂರ ಕಟ್ಟುವುದು ಸೌಜನ್ಯ.

ಕೆಕಿಮುರಸ್ ಕೇಕ್‌ನ ಪ್ರತಿ ತುಂಡಿಗೆ 1,800 ಮಾನಾ ಕೊಡುತ್ತದೆ. ಏಳು ತುಂಡಿನ ಕೇಕ್‌ಗೆ 12,600. ಗಟ್ಟಿಯೊಂದಕ್ಕೆ 40 ಕೇಕ್ ಸಾಕು. ಕೇಳಲು ಹಗುರ, ಆದರೆ ಪಾಕದ ಪಟ್ಟಿ ಬಿಡಿಸಿ ನೋಡಿ: 120 ಬಕೆಟ್ ಹಾಲು, 120 ಗೋಧಿ, 80 ಸಕ್ಕರೆ, 40 ಮೊಟ್ಟೆ. ಗೋಧಿ, ಕಬ್ಬು, ಕೋಳಿಗೆ ಫಾರ್ಮ್ ಕಟ್ಟುವುದು ಸುಲಭ. ಹಾಲಿನ ಬಕೆಟ್ ಒಂದರ ಮೇಲೊಂದು ಕೂರುವುದಿಲ್ಲ, ಪ್ರತಿಯೊಂದಕ್ಕೂ ಒಂದು ಜಾಗ ಬೇಕು. ಗ್ಯಾದರಿಂಗ್ ಡ್ರಮ್‌ಗೆ ಮಾನಾ ಹೊಡೆತ ಕೊಟ್ಟರೆ ನೆಲದ ಮೇಲಿನ ಖಾಲಿ ಬಕೆಟ್‌ಗೆ ಹಸುವಿನ ಹಾಲು ತುಂಬುತ್ತದೆ, ಕ್ರಾಫ್ಟ್ ಆದ ಮೇಲೆ ಬಕೆಟ್ ಖಾಲಿಯಾಗಿ ಹಿಂದಿರುಗುತ್ತದೆ. ಅವನ್ನು ಬೇರ್ಪಡಿಸಿ ಮತ್ತೆ ಹಸುಗಳ ನಡುವೆ ಹಾಕಬೇಕು. ಸಿದ್ಧ ಕೇಕನ್ನು ರಾನನ್‌ಕಾರ್ಪಸ್ ನೆಲದಲ್ಲಿಡುತ್ತದೆ. ಈ ಹೂವಿಗೆ ಪಿಕ್ಸಿ ಡಸ್ಟ್ ಬೇಕಾದ್ದರಿಂದ ಎಲ್ವೆನ್ ದ್ವಾರ ತೆರೆದ ಮೇಲಷ್ಟೇ ಸಿಗುತ್ತದೆ. ರೆಡ್‌ಸ್ಟೋನ್ ಕಟ್ಟುವುದೇ ಖುಷಿ ಎನ್ನುವವರು ಇದನ್ನು ತಪ್ಪಿಸಿಕೊಳ್ಳಬಾರದು. ಮಾನಾ ಬೇಗ ಬೇಕು ಎನ್ನುವವರು ದೂರ ಇರುವುದು ಒಳ್ಳೆಯದು.

ಸ್ಪೆಕ್ಟ್ರೋಲಸ್ ಹದಿನಾರು ಬಣ್ಣದ ಉಣ್ಣೆಯನ್ನು ಬಿಳಿಯಿಂದ ಕಪ್ಪಿನವರೆಗೆ ನಿಗದಿತ ಸರದಿಯಲ್ಲಿ ಬೇಡುತ್ತದೆ. ಬಣ್ಣ ಹಚ್ಚಿದ ಕುರಿಗೆ ಅದೇ ಬಣ್ಣದ ಉಣ್ಣೆ ಮರಳಿ ಬರುವುದರಿಂದ ಮೇವು ಮುಗಿಯುವುದಿಲ್ಲ. ಯಾವುದೋ ಒಂದು ಬಣ್ಣ ತಡವಾದರೆ ಸಾಲು ನಿಲ್ಲುತ್ತದೆ, ಸರದಿ ತಪ್ಪಿ ಬಿದ್ದ ಉಣ್ಣೆ ಮಾನಾ ಕೊಡದೆ ಹಾಳಾಗುತ್ತದೆ. ಡ್ಯಾಂಡೆಲಿಫಿಯೋನ್ ಬೇರೆಯದೇ ಲೋಕ: ಜಾನ್ ಕಾನ್ವೆ ರೂಪಿಸಿ 1970ರಲ್ಲಿ ಜಗತ್ತಿಗೆ ತಿಳಿದ ಗೇಮ್ ಆಫ್ ಲೈಫ್ ಅನ್ನು 25×25 ಚೌಕದಲ್ಲಿ ಆಡಿಸಿ, ಕೋಶಗಳು ನಡುವಿಗೆ ತಲುಪಿದಾಗ ಮಾನಾ ಕೊಡುತ್ತದೆ. ಗಣಿತ ಇಷ್ಟಪಡುವವರಿಗೆ ಇದರಷ್ಟು ಚಂದದ ಹೂ ಇಲ್ಲ. ಆದರೆ ಪ್ರತಿ ಸುತ್ತಿಗೂ ಕೋಶಗಳನ್ನು ಹೊಸದಾಗಿ ಜೋಡಿಸಬೇಕಾದ್ದರಿಂದ ತಾನಾಗಿ ನಡೆಯುವ ತೋಟಕ್ಕೆ ಮೊದಲ ಆಯ್ಕೆಯಾಗಲಾರದು.

ಹಾಗಾದರೆ ಯಾವುದು?

ಹೊಸಬರು, ಕೈಯಲ್ಲಿ ಕಬ್ಬಿಣವೂ ರೂನ್‌ಗಳೂ ಕಡಿಮೆ ಇರುವವರು ಬಿದಿರು ಮತ್ತು ಎರಡು ಎಂಡೋಫ್ಲೇಮ್‌ನಿಂದ ಆರಂಭಿಸಲಿ. ಟೆರ್ರಾಸ್ಟೀಲ್ ಗುರಿಯಾದೊಡನೆ ಇದ್ದಿಲಿನ ಮರದ ತೋಪು, ಎಂಟು ಎಂಡೋಫ್ಲೇಮ್, ಆಮೇಲೆ ಅದೇ ತೋಪಿಗೆ ಮಂಚ್‌ಡ್ಯೂ. ಈಗಾಗಲೇ ಹೊಲ, ಕೋಳಿ ಇರುವವರು ಮರದ ಗೋಜಿಗೇ ಹೋಗದೆ ಗೋರ್ಮರಿಲ್ಲಿಸ್ ನೆಡಲಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಆಡುವವರು ನೆಲದ ಮೇಲೆ ರಾಶಿ ರಾಶಿ ವಸ್ತು ಬೀಳುವ, ಕುರಿ, ಹಸು, ಕೋಳಿ ತುಂಬಿದ ತೋಟಗಳನ್ನು ದೂರವಿಡಲಿ. ಅವರಿಗೆ ಪ್ಲೇಟಿನ ಮೇಲೆ ಒಂದೊಂದೇ ಇದ್ದಿಲು ಬೀಳುವ ಜೋಡಣೆ ಹಗುರ.

ಯಾವ ಹೂ ಆದರೂ ಪೂಲ್ ಅನ್ನು ಸ್ಪ್ರೆಡರ್‌ನ ಹತ್ತಿರ ಇಡಿ. ಹಿಂದಿನ ಮಾನಾ ಹೊರೆ ತಲುಪಿದ ಮೇಲೆಯೇ ಮುಂದಿನದು ಹೊರಡುವುದರಿಂದ ದೂರ ಹೆಚ್ಚಿದಷ್ಟೂ ಹರಿವು ನಿಧಾನವಾಗುತ್ತದೆ. ನೀವು ದೂರ ಹೋದಾಗ ಚಂಕ್ (ಆಟದ ನೆಲವನ್ನು ಹಂಚಿಕೊಂಡ ಚೌಕ ತುಂಡು) ಮಲಗಿಬಿಡುತ್ತದೆ, ತೋಟವೂ ಅದರೊಡನೆ. ಹಾಗಾಗಿ ಹೆಚ್ಚು ಹೊತ್ತು ಇರುವ ಮನೆಯ ಬಳಿಯೇ ಕಟ್ಟಿ. ಎಫ್3 ಮತ್ತು ಜಿ ಒಟ್ಟಿಗೆ ಒತ್ತಿದರೆ ಚಂಕ್‌ನ ಗಡಿ ಕಾಣುತ್ತದೆ, ಮೇವಿನ ಫಾರ್ಮ್ ಮತ್ತು ಹೂಗಳು ಒಂದೇ ಚಂಕ್‌ನೊಳಗೆ ಬಂದರೆ ಅರ್ಧ ತೋಟ ಎಚ್ಚರ, ಅರ್ಧ ನಿದ್ರೆ ಎಂಬ ಸ್ಥಿತಿ ಬರುವುದಿಲ್ಲ. ಕೊನೆಗೆ ಪೂಲ್‌ಗೆ ಒಂದು ಕಂಪ್ಯಾರೇಟರ್ ಜೋಡಿಸಿ, ಅದು ತುಂಬಿದಾಗ ಬರುವ ಸಂಕೇತದಿಂದ ಮೇವಿನ ಹಾಪರ್‌ಗೆ ಬೀಗ ಬೀಳುವಂತೆ ಮಾಡಿ. ಎಂಡೋಫ್ಲೇಮ್‌ಗೆ ಇದು ಇಲ್ಲದಿದ್ದರೂ ನಡೆದೀತು, ಗೋರ್ಮರಿಲ್ಲಿಸ್‌ಗೆ ಬೇಕೇ ಬೇಕು.